ಅಂಗಡಿ ತೆಗದೈತೇನ್ರಿ?

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯೊಂದರಲ್ಲಿ ನನ್ನ ಕಾಕಾನ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ವಾರ್ನಿಶ್ ವಾಸನೆ, ಅದರ ಬೆನ್ನಿಗೇ ಸುಟ್ಟ ತಂತಿಯ ವಾಸನೆ. ಕಟ್ಟೆಯ ಮೇಲೆ ಯಾವಾಗ ನೋಡಿದರೂ ಎರಡು ಮೂರು ಬೋರ್ ಮೋಟರುಗಳು ಮಲಗಿರುತ್ತವೆ. ಅವುಗಳ ಪಕ್ಕದಲ್ಲಿ ಅವುಗಳ ಯಜಮಾನರು ಕೂತಿರುತ್ತಾರೆ, ಆಸ್ಪತ್ರೆಯ ವರಾಂಡದಲ್ಲಿ ಕೂತವರ ಹಾಗೆ. ಕುಂದಗೋಳ, ನವಲಗುಂದ, ಕಲಘಟಗಿ, ಒಮ್ಮೊಮ್ಮೆ ಶಿಗ್ಗಾಂವಿ ಕಡೆಯಿಂದಲೂ ಬರುತ್ತಾರೆ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ಮೋಟರ್ ಸುಟ್ಟರೆ ಹೊಲದ ಬೆಳೆ ಎರಡು ದಿನ ಕಾಯುತ್ತದೆ, ಮೂರನೇ ದಿನ ಕಾಯುವುದಿಲ್ಲ. ಹೀಗಾಗಿ ಇಲ್ಲಿಗೆ ಬರುವವರಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.

2019ರಲ್ಲಿ ನಾನು ಈ ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿದೆ. ಆಗಷ್ಟೇ ಗದಗ ಬಿಟ್ಟು ಹುಬ್ಬಳ್ಳಿಗೆ ಬಂದು ಸಣ್ಣ ಅಂಗಡಿಗಳವರಿಗೆ ವೆಬ್‌ಸೈಟ್ ಮಾಡಿಕೊಡುವ ದಂಧೆ ಶುರು ಮಾಡಿದ್ದೆ. ಕಾಕಾನೇ ಬೋಣಿಗೆಯ ಗಿರಾಕಿ. ಪುಟದ ತಲೆಯ ಮೇಲೆ ಸರಿದಾಡುವ ಐದು ಫೋಟೊ ಹಾಕಿದ್ದೆ. ಅದರಲ್ಲಿ ಒಂದು, ಹೆಲ್ಮೆಟ್ ಹಾಕಿ ಕೈಕಟ್ಟಿಕೊಂಡು ನಗುತ್ತಿರುವ ಬಿಳಿಯ ಸಾಹೇಬನದು. ಆತನಿಗೂ ದುರ್ಗದಬೈಲಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಯಾರೂ ನೋಡಲಿಲ್ಲ. ಕೆಳಗೆ 'ನಮ್ಮ ಧ್ಯೇಯ', 'ನಮ್ಮ ದೃಷ್ಟಿಕೋನ' ಅಂತ ಎರಡು ಪ್ಯಾರಾ. ಮೋಟರ್ ಸುತ್ತುವ ಮನುಷ್ಯನಿಗೆ ದೃಷ್ಟಿಕೋನ! ಬರೆದವನು ನಾನೇ. ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ.

ಆರು ತಿಂಗಳು ಬಿಟ್ಟು ಕಾಕಾ ಬೇಜಾರಿಲ್ಲದ ದನಿಯಲ್ಲೇ ಕೇಳಿದ: "ಅಲ್ಲೋ ತಮ್ಮಾ, ಅದನ್ನ ನೋಡಿ ಬಂದೆ ಅಂತ ಒಬ್ಬಾಂವರ ಹೇಳಬೇಕಿತ್ತಲ್ಲೋ?"

ಮುಂದಿನ ಏಪ್ರಿಲಿನಲ್ಲೋ ಅದರ ಮುಂದಿನದರಲ್ಲೋ, ನನ್ನ ಗಾಡಿ ರಿಪೇರಿಗೆ ಬಿಟ್ಟಿದ್ದರಿಂದ ಒಂದು ದಿನ ಇಡೀ ಹೊತ್ತು ಆ ಅಂಗಡಿಯಲ್ಲಿ ಕೂರಬೇಕಾಯಿತು. ಕಾಕಾ ತಂತಿ ಸುತ್ತುತ್ತಿದ್ದ, ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೈ ಖಾಲಿ ಇಲ್ಲದ್ದಕ್ಕೆ ನನಗೇ ಎತ್ತಲು ಹೇಳಿದ. ಬೇಸರ ಕಳೆಯಲು ಬೇರಿಂಗ್ ಬಾಕ್ಸಿನ ರಟ್ಟಿನ ಹಿಂದೆ ಒಂದೊಂದು ಕರೆಯೂ ಏನು ಕೇಳಿತು ಅಂತ ಗೀಚುತ್ತಾ ಹೋದೆ.

"ಅಂಗಡಿ ತೆಗದೈತೇನ್ರಿ?" ಇದೇ ಹೆಚ್ಚು. "ಎಲ್ಲಿ ಬರತೈತ್ರಿ ನಿಮ್ಮ ಅಂಗಡಿ, ಟೆಂಪೋ ಬರತೈತೇನು ಬಾಗಿಲತನಾ?" "ಏಳೂವರಿ ಎಚ್‌ಪಿ ಮಾಡ್ತೀರೇನ್ರಿ?" "ಎಷ್ಟ ಆಗತೈತಿ, ಎಂದ ಕೊಡ್ತೀರಿ?" "ಬಸ್ಸಿನ್ಯಾಗ ಹಾಕಿ ಕಳಿಸಿದ್ರ ನಡೀತೈತೇನು?" ಮಧ್ಯಾಹ್ನದ ಹೊತ್ತಿಗೆ ರಟ್ಟು ತುಂಬಿತು. ಕೇಳಿದವರು ಬೇರೆ ಬೇರೆ, ಕೇಳಿದ್ದು ಮಾತ್ರ ಈ ಐದೇ. ನಾನು ಮಾಡಿದ ವೆಬ್‌ಸೈಟಿನಲ್ಲಿ ಈ ಐದಕ್ಕೆ ಒಂದಕ್ಕೂ ಉತ್ತರ ಇರಲಿಲ್ಲ. ಫೋನ್ ನಂಬರ್ ಸಹ ಫೋಟೊದೊಳಗೆ ಬರೆದದ್ದು. ಮೊಬೈಲಿನಲ್ಲಿ ಅದರ ಮೇಲೆ ಬೆರಳಿಟ್ಟರೆ ಕರೆ ಹೋಗುತ್ತಿರಲಿಲ್ಲ. ನಂಬರನ್ನು ನೆನಪಿಟ್ಟುಕೊಂಡು, ಹೊರಗೆ ಬಂದು, ಒತ್ತಬೇಕಿತ್ತು. ಹೊಲದಲ್ಲಿ ನಿಂತ ಮನುಷ್ಯ ಅಷ್ಟೆಲ್ಲ ಮಾಡಲಿಕ್ಕಿಲ್ಲ. ಮೇಲಾಗಿ ಆ ಐದು ಫೋಟೊಗಳನ್ನು ಸಣ್ಣದು ಮಾಡದೆ ಇದ್ದ ಹಾಗೇ ಹಾಕಿದ್ದೆ, ಒಂದೊಂದೂ ನಾಲ್ಕೈದು ಎಂಬಿ. ನವಲಗುಂದದ ಕರಿಮಣ್ಣಿನ ಹೊಲದಲ್ಲಿ ಸಿಗ್ನಲ್ಲಿನ ಒಂದು ಕಡ್ಡಿ ಇಟ್ಟುಕೊಂಡು ಆ ಪುಟ ತೆರೆಯುವಷ್ಟರಲ್ಲಿ ಮೋಟರ್ ತಾನೇ ರಿಪೇರಿ ಆಗಿಬಿಡುತ್ತಿತ್ತು. ಅದೇ ಫೋಟೊವನ್ನು ಇನ್ನೂರು ಕೆಬಿಗಿಂತ ಕೆಳಗೆ ಇಳಿಸಿದರೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಅನ್ನುವುದು ನನಗೆ ಆಗ ಗೊತ್ತಿಲ್ಲ ಅಂತಲ್ಲ, ಮಾಡಬೇಕು ಅನ್ನಿಸಿರಲಿಲ್ಲ.

ಗದಗದಲ್ಲಿ ನಮ್ಮದು ಅಚ್ಚಿನ ಮನೆ. ಮುದ್ರಣಕ್ಕೆ ಹೆಸರಾದ ಊರು ಅದು. ಅಪ್ಪ ಹ್ಯಾಂಡ್‌ಬಿಲ್, ಲಗ್ನಪತ್ರಿಕೆ, ರಸೀದಿ ಪುಸ್ತಕ ಅಚ್ಚು ಹಾಕುತ್ತಿದ್ದ. ಹೊಸ ಅಂಗಡಿಯವರು ಹ್ಯಾಂಡ್‌ಬಿಲ್‌ಗೆ ಬಂದರೆ, ಎರಡು ಪುಟ ಹೊಗಳಿಕೆ ಬರೆದುಕೊಂಡು ಬರುತ್ತಿದ್ದರು. ಅಪ್ಪ ಅದನ್ನೆಲ್ಲ ಓದಿ ಪಕ್ಕಕ್ಕಿಟ್ಟು, "ಇದಿರಲಿ. ನಿಮ್ಮ ಅಂಗಡಿ ಎದುರಿಗೆ ಏನೈತಿ ಹೇಳ್ರಿ" ಅನ್ನುತ್ತಿದ್ದ. ಎದುರಿಗೆ ಬೇವಿನಮರವೋ, ಹಿಟ್ಟಿನ ಗಿರಣಿಯೋ, ಮಸೂತಿಯೋ, ಅದು ದಪ್ಪಕ್ಷರದಲ್ಲಿ ಬರಲೇಬೇಕು. ಆ ರಟ್ಟನ್ನು ಹಿಡಿದುಕೊಂಡು ಮನೆಗೆ ಹೋದ ರಾತ್ರಿ ನನಗೆ ಅಪ್ಪನ ಆ ಪ್ರಶ್ನೆ ನೆನಪಾಯಿತು. ಆನ್‌ಲೈನ್ ಮಾರ್ಕೆಟಿಂಗ್ ಅಂತ ನಾನು ಕೋರ್ಸು ಮಾಡಿ ಕಲಿತು ಬಂದಿದ್ದರಲ್ಲಿ ಜಗತ್ತನ್ನೆಲ್ಲ ಕರೆಯುವುದು ಹೇಗೆ ಅಂತಿತ್ತು. ಕಾಕಾನ ಅಂಗಡಿಗೆ ಬೇಕಾದದ್ದು ಜಗತ್ತಲ್ಲ. ಆಗಲೇ ಹುಡುಕುತ್ತ ಹೊರಟಿರುವ ಮನುಷ್ಯ ದಾರಿ ತಪ್ಪದೆ, ಬಾಗಿಲು ತೆರೆದಿರುವಾಗ, ಬಂದು ಮುಟ್ಟಬೇಕು. ಅಷ್ಟೇ.

ಆ ವೆಬ್‌ಸೈಟನ್ನು ಮುಚ್ಚಿದೆ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು ಹಾಕಲು ಕೂತೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಅದರ ಈಗಿನ ಹೆಸರು. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು, ಇನ್ನೂ ಹಲವರು ಹಾಗೇ ಅನ್ನುತ್ತಾರೆ. ಒಂದು ಪೈಸೆ ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಏನೋ, ಅಂಗಡಿಕಾರರು ಅದನ್ನು ಕೆಲಸ ಅಂತ ತಿಳಿಯುವುದಿಲ್ಲ. ಇಪ್ಪತ್ತು ಸಾವಿರ ಕೊಟ್ಟು ಮಾಡಿಸಿದ ವೆಬ್‌ಸೈಟಿನ ಬಗ್ಗೆ ಬೀಗರ ಮುಂದೆ ಹೇಳಿಕೊಳ್ಳಬಹುದು. ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿ ಇದೆ ಅಂತ ಏನು ಹೇಳಿಕೊಳ್ಳುವುದು?

ಆದರೆ ಆ ಚುಕ್ಕಿಯಲ್ಲಿ ನಾನು ಮಾಡಿದಷ್ಟು ತಪ್ಪು ಇನ್ಯಾರೂ ಮಾಡಿರಲಿಕ್ಕಿಲ್ಲ. ಮೊದಲನೆಯದು, ಯಾವ ಬಗೆಯ ಅಂಗಡಿ ಅಂತ ಕೇಳಿದಾಗ ಗಡಿಬಿಡಿಯಲ್ಲಿ 'ಎಲೆಕ್ಟ್ರಾನಿಕ್ಸ್' ಅಂತ ಒತ್ತಿದೆ. ಒಂದು ವಾರ ಕಾಕಾನಿಗೆ ಟಿವಿ ರಿಪೇರಿಯವರ, ಚಾರ್ಜರ್ ಕೇಳುವವರ ಫೋನು. 'ಎಲೆಕ್ಟ್ರಿಕ್ ಮೋಟರ್ ರಿಪೇರಿ' ಅಂತಲೇ ಬೇರೆ ವರ್ಗ ಇದೆ. ಪಟ್ಟಿಯಲ್ಲಿ ಹುಡುಕುವ ತಾಳ್ಮೆ ಬೇಕು. ಯಾರಾದರೂ ಏನನ್ನಾದರೂ ಹುಡುಕಿದಾಗ ಸುತ್ತಲಿನ ಯಾವ ಅಂಗಡಿ ಮೊದಲು ತೋರಿಸಬೇಕು ಅನ್ನುವುದಕ್ಕೆ ಗೂಗಲ್ ತಾನೇ ಹೇಳಿಕೊಂಡಿರುವ ಲೆಕ್ಕ ಮೂರು: ಕೇಳಿದ್ದಕ್ಕೂ ಅಂಗಡಿಗೂ ತಾಳೆ ಇದೆಯೇ, ಕೇಳಿದವರಿಂದ ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರಿದೆ. ದೂರವನ್ನು ನಾವು ಬದಲಿಸಲಾಗದು. ಹೆಸರು ನಿಧಾನಕ್ಕೆ ಆಗುವಂಥದ್ದು. ತಾಳೆ ಒಂದೇ ಇವತ್ತು ಸಂಜೆಯೊಳಗೆ ನಮ್ಮ ಕೈಯಲ್ಲಿರುವುದು, ಅದನ್ನೇ ನಾನು ಕೆಡಿಸಿದ್ದೆ.

ಎರಡನೆಯದು ಇನ್ನೂ ದೊಡ್ಡದು. ಅಂಗಡಿಯ ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿದ್ದ ಹೆಸರಿಗೆ ಬಾಲಂಗೋಚಿ ಕಟ್ಟಿದೆ: 'ಬೆಸ್ಟ್ ಮೋಟರ್ ರಿವೈಂಡಿಂಗ್ ಇನ್ ಹುಬ್ಳಿ ಧಾರವಾಡ' ಅಂತ. ಹೀಗೆ ಮಾಡಿದರೆ ಮೇಲೆ ಬರುತ್ತದೆ ಅಂತ ಯಾವುದೋ ವಿಡಿಯೊ ನೋಡಿದ್ದೆ. ಬೋರ್ಡಿನ ಮೇಲೆ ಏನಿದೆಯೋ ಅಷ್ಟೇ ಬರೆಯಬೇಕು ಅಂತ ನಿಯಮ ಚೊಕ್ಕವಾಗಿ ಹೇಳುತ್ತದೆ. ನಾನು ಓದಿರಲಿಲ್ಲ. ಪ್ರೊಫೈಲು ಅಮಾನತಾಯಿತು, ಅದೂ ಮೇ ತಿಂಗಳಿನಲ್ಲಿ, ಮೋಟರುಗಳು ಸುಡುವ ಕಾಲದಲ್ಲಿ. ಮತ್ತೆ ಅರ್ಜಿ ಹಾಕಿ, ಅಂಗಡಿ ನಿಜವಾಗಿಯೂ ಇದೆ ಅಂತ ವಿಡಿಯೊ ಮಾಡಿ ತೋರಿಸಬೇಕಾಯಿತು. ಮೊದಲೆಲ್ಲ ಅಂಚೆಯಲ್ಲಿ ಒಂದು ಕಾರ್ಡು ಬರುತ್ತಿತ್ತು, ಅದರಲ್ಲಿನ ಅಂಕಿ ತುಂಬಿದರೆ ಮುಗಿಯಿತು. ಈಗ ಹೆಚ್ಚಾಗಿ ವಿಡಿಯೊವೇ: ಓಣಿ ಕಾಣಬೇಕು, ಬೋರ್ಡ್ ಕಾಣಬೇಕು, ಒಳಗಿನ ಸಾಮಾನು ಕಾಣಬೇಕು, ಅಂಗಡಿ ನಮ್ಮದೇ ಅಂತ ಗೊತ್ತಾಗಲು ಕೀಲಿ ತೆಗೆಯುವುದನ್ನೋ ಗಲ್ಲಾಪೆಟ್ಟಿಗೆಯನ್ನೋ ತೋರಿಸಬೇಕು. ಕಾಕಾ ಅವತ್ತು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಶಟರ್ ಎತ್ತಿದ. ಮೂರು ಸಲ ಎತ್ತಿಸಿದೆ, ಯಾಕೆಂದರೆ ಎರಡು ಸಲ ಎದುರಿನ ಅಂಗಡಿಯವರು ನಡುವೆ ಬಂದು ಏನ್ ಸೂಟಿಂಗ್ ಅಂತ ಕೇಳಿದರು.

ಹುಬ್ಬಳ್ಳಿ ಅನ್ನುವ ಹೆಸರಿನ ಕಥೆಯೂ ಇಲ್ಲೇ ಹೇಳಬೇಕು. ಕನ್ನಡದಲ್ಲಿ ಬರೆಯುವವರಿಗೆ ಇದು ಯಾವತ್ತೂ ಹುಬ್ಬಳ್ಳಿಯೇ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ನಮ್ಮೂರಿನ ಐದಕ್ಷರದ ಇಂಗ್ಲಿಷ್ ಸ್ಪೆಲ್ಲಿಂಗ್ ಎಂಟಕ್ಷರದ್ದಾಯಿತು. ಆದರೆ ಫೋನಿನಲ್ಲಿ ಹೆಬ್ಬೆರಳಿನಿಂದ ಒತ್ತುವವರು ಇನ್ನೂ ಹಳೆಯ ಐದಕ್ಷರವನ್ನೇ ಒತ್ತುತ್ತಾರೆ. ಊರಿನ ಹೆಸರಿಗೆ ಗೂಗಲ್ ಎರಡನ್ನೂ ಒಂದೇ ಅಂತ ಅರ್ಥ ಮಾಡಿಕೊಳ್ಳುತ್ತದೆ. ನಿಮ್ಮ ಸರಕಿನ ಹೆಸರಿಗೆ ಅಷ್ಟು ಭಾಗ್ಯ ಇರುತ್ತದೆ ಅಂತ ಹೇಳಲಾರೆ. ಅದಕ್ಕೇ ವಿವರಣೆ ಬರೆಯುವ ಜಾಗದಲ್ಲಿ ಜನ ಆಡುವ ಹಾಗೆ ಬರೆಯಬೇಕು. 'ಇಂಡಕ್ಷನ್ ಮೋಟರ್ ಸೇವೆಗಳು' ಅಂತ ನಾನು ಬರೆದಿದ್ದನ್ನು ಅಳಿಸಿ, 'ಬೋರ್ ಮೋಟರ್, ಹೊಲದ ಪಂಪ್‌ಸೆಟ್, ಗಿರಣಿ ಮೋಟರ್ ಸುಟ್ಟಿದ್ದರೆ ವೈಂಡಿಂಗ್ ಮಾಡಿಕೊಡುತ್ತೇವೆ. ಟೆಂಪೋ ಬಾಗಿಲವರೆಗೆ ಬರುತ್ತದೆ' ಅಂತ ಬರೆದೆ. ಟೆಂಪೋ ವಾಕ್ಯವೇ ಎಲ್ಲಕ್ಕಿಂತ ಕೆಲಸ ಮಾಡಿತು ಅಂತ ನನ್ನ ಅನುಮಾನ.

ಇನ್ನು ವೇಳೆ. ಕಾಕಾ ಮಧ್ಯಾಹ್ನ ಎರಡರಿಂದ ನಾಲ್ಕು ಶಟರ್ ಅರ್ಧ ಇಳಿಸಿ ಊಟ ಮಾಡಿ ಮಲಗುತ್ತಾನೆ. ನಮ್ಮ ಕಡೆ ಇದು ಹೊಸದಲ್ಲ, ಧಾರವಾಡದಲ್ಲಂತೂ ಮಧ್ಯಾಹ್ನ ಪೇಟೆಯೇ ನಿದ್ದೆ ಹೋದ ಹಾಗಿರುತ್ತದೆ. ಆದರೆ ನಾನು ನಕ್ಷೆಯಲ್ಲಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟು ಅಂತ ಒಂದೇ ಉಸಿರಿನಲ್ಲಿ ಹಾಕಿದ್ದೆ. ಕುಂದಗೋಳದ ಕಡೆಯ ಒಬ್ಬ ಅಜ್ಜ ಅದನ್ನು ನಂಬಿ, ಮೊಮ್ಮಗನ ಕೈಲಿ ಫೋನು ಹಿಡಿಸಿ, ಬಾಡಿಗೆ ಟೆಂಪೋ ಮಾಡಿಕೊಂಡು ಎರಡೂವರೆಗೆ ಬಂದು ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತ. ಕಾಕಾ ನಾಲ್ಕಕ್ಕೆ ಶಟರ್ ಎತ್ತಿದಾಗ ಅಜ್ಜ ಬೈಯಲಿಲ್ಲ. "ಫೋನ್‌ದಾಗ ತೆಗದೈತಿ ಅಂತ ಬರದೀರಿ. ಫೋನ್ ಸುಳ್ಳ ಹೇಳತೈತೋ ನೀವು ಸುಳ್ಳ ಹೇಳ್ತೀರೋ?" ಅಂದ. ಟೆಂಪೋ ಕಾಯಿಸಿದ ಬಾಡಿಗೆಯಷ್ಟನ್ನು ಕಾಕಾ ಬಿಲ್ಲಿನಲ್ಲಿ ಕಡಿಮೆ ಮಾಡಿದ. ಅವತ್ತು ರಾತ್ರಿಯೇ ನಾನು ಕಲಿತದ್ದು: ದಿನಕ್ಕೆ ಎರಡು ಸಾಲು ವೇಳೆ ಹಾಕಲು ಬರುತ್ತದೆ, ಹತ್ತರಿಂದ ಎರಡು, ನಾಲ್ಕರಿಂದ ಎಂಟು. ಹಬ್ಬದ ರಜೆಗೆ ಬೇರೆಯೇ ಜಾಗ ಇದೆ. ದೀಪಾವಳಿಗೆ ಗೂಗಲ್ ತಾನೇ ನೆನಪಿಸುತ್ತದೆ. ನಮ್ಮ ಹುಬ್ಬಳ್ಳಿಯಲ್ಲಿ ಹೋಳಿಯ ಬಣ್ಣ ಆಡುವುದು ರಂಗಪಂಚಮಿಗೆ, ಅವತ್ತು ಪೇಟೆಯಲ್ಲಿ ಮೋಟರ್ ಇಳಿಸುವುದಿರಲಿ, ಬಿಳಿ ಅಂಗಿ ತೊಟ್ಟು ದಾಟುವುದೂ ಕಷ್ಟ ಅನ್ನುವುದನ್ನು ನಾವೇ ಬರೆಯಬೇಕು. ಅಮವಾಸ್ಯೆಯದೂ ಹಾಗೇ.

ನಕ್ಷೆಯ ಆ ಚುಕ್ಕಿಯನ್ನು, ಅಂದರೆ ಪಿನ್ನನ್ನು, ಕೈಯಿಂದ ಎಳೆದು ಸರಿಯಾಗಿ ಬಾಗಿಲ ಮೇಲೆ ಇಡಿ ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಪೇಟೆಯ ಓಣಿಗಳಲ್ಲಿ ಹತ್ತು ಮೀಟರ್ ಆಚೀಚೆ ಅಂದರೆ ಬೇರೆಯೇ ಓಣಿ. ಮತ್ತೆ, ನಿಮ್ಮ ಅಂಗಡಿಯ ವೇಳೆಯನ್ನೋ ನಂಬರನ್ನೋ ತಿದ್ದಲು ದಾರಿಹೋಕರು ಯಾರು ಬೇಕಾದರೂ ಸಲಹೆ ಕಳಿಸಬಹುದು. ಹಾಗಾಗಿ ತಿಂಗಳಿಗೊಮ್ಮೆಯಾದರೂ ಸ್ವತಃ ತೆಗೆದು ನೋಡಿಕೊಳ್ಳುವುದು ಒಳ್ಳೆಯದು.

ಧಾರವಾಡದಲ್ಲಿ ಒಬ್ಬ ಅಕ್ಕನಿದ್ದಾಳೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡುತ್ತಾಳೆ. ಮನೆಯಲ್ಲೇ ನಾಲ್ಕು ಹೆಂಗಸರು ಸೇರಿ ಬಡಿಯುತ್ತಾರೆ. ಅವಳ ಗಿರಾಕಿಗಳು ಕಾಕಾನ ಗಿರಾಕಿಗಳಿಗಿಂತ ತೀರಾ ಬೇರೆ: ಬೆಂಗಳೂರು, ಪುಣೆಯಲ್ಲಿ ನೌಕರಿ ಮಾಡುವ ಈ ಕಡೆಯ ಮಕ್ಕಳು. ಇವರಿಗೆ ಅಂಗಡಿ ಎಲ್ಲಿದೆ ಅನ್ನುವುದು ಬೇಡ, ಮನೆಗೆ ಬರುತ್ತದೆಯೇ ಅನ್ನುವುದು ಬೇಕು. ಹಾಗಾಗಿ ಅವಳಿಗೆ ಒಂದು ಪುಟದ ವೆಬ್‌ಸೈಟ್ ಬೇಕೇ ಬೇಕಿತ್ತು. ಏನೇನಿದೆ, ಎಷ್ಟು ರೇಟು, ಎಷ್ಟು ದಿನ ಬಾಳುತ್ತದೆ, ಪಾರ್ಸೆಲ್ ಯಾವ ವಾರ ಹೊರಡುತ್ತದೆ, ಆರ್ಡರ್ ಹೇಗೆ, ಆಹಾರ ಪದಾರ್ಥ ಮಾರುವವರು ಪ್ಯಾಕೆಟ್ಟಿನ ಮೇಲೆ ಹಾಕಬೇಕಾದ ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಯ ನಂಬರ್. ಇಷ್ಟು ಸಾಕು.

ರೇಟಿನ ಪಟ್ಟಿ ಕೊಡಕ್ಕಾ ಅಂದೆ. ಮಗನ ಕೈಲಿ ಪೆನ್‌ಡ್ರೈವ್ ಕಳಿಸಿದಳು. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಚೆಂದಗೆ ಟೈಪ್ ಮಾಡಿಸಿದ ಪಟ್ಟಿ. ಅದನ್ನು ಎತ್ತಿ ವೆಬ್‌ಪುಟಕ್ಕೆ ಹಾಕಿದರೆ ರೊಟ್ಟಿಯೂ ಇಲ್ಲ, ಚಟ್ನಿಯೂ ಇಲ್ಲ, ತಲೆಯ ಮೇಲೆ ಟೋಪಿ, ಜುಟ್ಟು, ಚುಕ್ಕಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಕನ್ನಡದಲ್ಲಿ ವ್ಯಾಪಾರ ಮಾಡುವ ಎಲ್ಲರೂ ಒಮ್ಮೆಯಾದರೂ ಇದನ್ನು ಕಂಡಿರುತ್ತಾರೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದಾಗ ತೆರೆಯ ಮೇಲೆ ಕಾಣುವುದು ಕನ್ನಡ, ಆದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯೇ. ಆ ಫಾಂಟಿನ ವೇಷ ಕಳಚಿದರೆ ಬಣ್ಣ ಬಯಲು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾ ಪದ್ಧತಿಯಾದ ಯೂನಿಕೋಡ್‌ನಲ್ಲಿ ಹಾಗಲ್ಲ. ಕನ್ನಡಕ್ಕೆ ಅಂತಲೇ 128 ಮನೆಗಳನ್ನು ಬಿಟ್ಟುಕೊಟ್ಟಿದ್ದಾರೆ, 'ರ' ಅಕ್ಷರ ಜಗತ್ತಿನ ಯಾವ ಫೋನಿಗೆ ಹೋದರೂ 'ರ'ದ ಮನೆಯಲ್ಲೇ ಇರುತ್ತದೆ.

ಇದನ್ನು ಅಪ್ಪನಿಗೆ ವಿವರಿಸಿದಾಗ ಅವನು ನನಗಿಂತ ಬೇಗ ಅರ್ಥ ಮಾಡಿಕೊಂಡ. "ಕೇಸಿನ್ಯಾಗ ತಪ್ಪ ಮನ್ಯಾಗ ಹಾಕಿದ ಮೊಳಿ ಇದ್ದಂಗ" ಅಂದ. ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುವ ಕಾಲದಲ್ಲಿ ಒಂದು ಅಕ್ಷರದ ಮೊಳೆಯನ್ನು ಇನ್ನೊಂದರ ಮನೆಯಲ್ಲಿ ಹಾಕಿಟ್ಟರೆ, ಹಾಕಿದವನಿಗೆ ನೆನಪಿರುವವರೆಗೆ ಕೆಲಸ ನಡೆಯುತ್ತದೆ. ಬೇರೆಯವರು ಕೂತರೆ ಪುಟವೆಲ್ಲ ಅಡ್ನಾಡಿ. ಗೂಗಲ್ ಅನ್ನುವುದು ಹಾಗೆ ಬಂದು ಕೂತ ಬೇರೆಯವನು. ನಿಮ್ಮ ಪುಟದಲ್ಲಿ 'ಜೋಳದ ರೊಟ್ಟಿ' ಕಣ್ಣಿಗೆ ಕಂಡರೂ ಹಳೆಯ ಫಾಂಟಿನಲ್ಲಿದ್ದರೆ, ಜೋಳದ ರೊಟ್ಟಿ ಅಂತ ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. ಡಿಟಿಪಿಯವರಿಗೆ "ಯೂನಿಕೋಡ್‌ದಾಗ ಕೊಡ್ರಿ" ಅನ್ನಿ. ಹಳೆಯದನ್ನು ಪರಿವರ್ತಿಸುವ ಪುಕ್ಕಟೆ ಸಾಧನಗಳಿವೆ, ಒತ್ತಕ್ಷರಗಳಲ್ಲಿ ಅಲ್ಲಿಲ್ಲಿ ಎಡವುತ್ತವೆ, ಒಮ್ಮೆ ಓದಿ ನೋಡಬೇಕು. ಅಕ್ಕ ಇದೆಲ್ಲ ಕಿರಿಕಿರಿ ಅಂತ, ಫೋನಿನ ಮೈಕ್ ಒತ್ತಿ ಬಾಯಲ್ಲೇ ಹೇಳಿ ಪಟ್ಟಿ ಬರೆಸಿದಳು. 'ಗುರೆಳ್ಳು' ಮಾತ್ರ ಅದಕ್ಕೆ ತಿಳಿಯಲಿಲ್ಲ.

ಅಂದಹಾಗೆ ಅವಳ ಗಿರಾಕಿಗಳು ಹುಡುಕುವುದು ಜೋಳದ ರೊಟ್ಟಿ ಅಂತ ಒಂದೇ ಅಲ್ಲ. ಪುಣೆಯವರು 'ಭಾಕ್ರಿ' ಅನ್ನುತ್ತಾರೆ, ಡಯೆಟ್ ಮಾಡುವ ಬೆಂಗಳೂರಿನವರು 'ಜೋವರ್ ರೋಟಿ' ಅನ್ನುತ್ತಾರೆ. ಪುಟದಲ್ಲಿ ಎಲ್ಲೋ ಒಂದು ಕಡೆ ಸಹಜವಾದ ಒಂದು ವಾಕ್ಯದಲ್ಲಿ ಈ ಮೂರೂ ಬಂದುಹೋದರೆ ಸಾಕು. ನಲವತ್ತು ಸಲ ಬರೆದರೆ ಮೇಲೆ ಬರುತ್ತದೆ ಅನ್ನುವುದು ಭ್ರಮೆ, ಓದುವವರಿಗೆ ಉರು ಹೊಡೆದ ಹಾಗೆ ಕೇಳುತ್ತದೆ.

ಫೋಟೊ ತೆಗೆಯಲು ನಾನು ಕ್ಯಾಮರಾ ಹಿಡಿದುಕೊಂಡು ಹೋಗಿದ್ದೆ. ರೊಟ್ಟಿಯ ಗುಡ್ಡೆ ಎಷ್ಟು ತೆಗೆದರೂ ರಟ್ಟಿನ ಗುಡ್ಡೆಯ ಹಾಗೆ ಕಾಣುತ್ತಿತ್ತು. ಕಡೆಗೆ ಅಕ್ಕನ ಮಗಳು ತನ್ನ ಫೋನಿನಲ್ಲಿ, ಬೆಳಗಿನ ಕಿಟಕಿ ಬೆಳಕಿನಲ್ಲಿ, ಒಂದು ರೊಟ್ಟಿಯನ್ನು ಎರಡು ಬೆರಳಿನಲ್ಲಿ ಮುರಿಯುವ ಹತ್ತು ಸೆಕೆಂಡಿನ ವಿಡಿಯೊ ಮಾಡಿದಳು. ಕಟಕ್ ಅನ್ನುವ ಸಪ್ಪಳ ಮಾತ್ರ. ಹಿಂದೆ ಹಾಡಿಲ್ಲ, ಮಾತಿಲ್ಲ. ನನ್ನ ಕ್ಯಾಮರಾ ಚೀಲದಿಂದ ಹೊರಗೆ ಬಂದದ್ದು ಅವತ್ತೇ ಕೊನೆ.

ಅವಳ ನಿಜವಾದ ಅಂಗಡಿ ಇರುವುದು ವಾಟ್ಸ್ಆ್ಯಪ್‌ನಲ್ಲಿ. ವಾಟ್ಸ್ಆ್ಯಪ್ ಬಿಸಿನೆಸ್ 2018ರಲ್ಲಿ ಬಂತು, ಅದೂ ಪುಕ್ಕಟೆ. ಸರಕಿನ ಪಟ್ಟಿ ಫೋಟೊ ಸಮೇತ ಹಾಕಿಡಬಹುದು, ಮೇಲಿಂದ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಬರೆದಿಟ್ಟು ಒಂದೇ ಒತ್ತಿನಲ್ಲಿ ಕಳಿಸಬಹುದು, 'ಹಣ ಬಂದಿದೆ', 'ಪಾರ್ಸೆಲ್ ಹೋಗಿದೆ' ಅಂತ ಗಿರಾಕಿಗಳಿಗೆ ಚೀಟಿ ಅಂಟಿಸಬಹುದು. ಇದೆಲ್ಲ ಹದಿನೈದು ನಿಮಿಷದಲ್ಲಿ ಕಲಿತಳು. ಅವಳಿಗೆ ತಿಳಿಯದೆ ಹೋದದ್ದು ಒಂದೇ ಸಂದೇಶವನ್ನು ಒಟ್ಟಿಗೆ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟಿನ ಗುಟ್ಟು. ಇನ್ನೂರು ಚಿಲ್ಲರೆ ಮಂದಿಗೆ ಸಂದೇಶ ಕಳಿಸಿದರೆ ಕಾಲು ಭಾಗದವರಿಗೂ ಮುಟ್ಟುತ್ತಿರಲಿಲ್ಲ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿ ಅನ್ನುವ ಮಿತಿ ಎಲ್ಲರಿಗೂ ಗೊತ್ತು. ಯಾರ ಫೋನಿನಲ್ಲಿ ನಮ್ಮ ನಂಬರ್ ಸೇವ್ ಆಗಿದೆಯೋ ಅವರಿಗೆ ಮಾತ್ರ ಅದು ಹೋಗುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆಮೇಲಿನಿಂದ ಪ್ರತಿ ಪ್ಯಾಕೆಟ್ಟಿನ ಮೇಲೆ ಒಂದು ಸಣ್ಣ ಚೀಟಿ: "ಈ ನಂಬರ್ 'ರೊಟ್ಟಿ ಅಕ್ಕ' ಅಂತ ಸೇವ್ ಮಾಡಿಕೊಳ್ಳಿ." ವಾರಕ್ಕೆ ಒಂದೇ ಸಂದೇಶ ಕಳಿಸುತ್ತಾಳೆ, ಗುರುವಾರ ಸಂಜೆ, ಈ ವಾರ ಏನಿದೆ ಅಂತ. ಶುಭೋದಯದ ಹೂವು ಕಳಿಸಲು ಒಂದು ಸಲ ಶುರು ಮಾಡಿದ್ದಳು, ಗಿರಾಕಿಯೊಬ್ಬರು ಬ್ಲಾಕ್ ಮಾಡಿದರು, ನಿಲ್ಲಿಸಿದಳು.

ವಿಮರ್ಶೆಗಳ ಮಾತಿಗೆ ಬಂದರೆ ಕಾಕಾನಿಗೂ ಅಕ್ಕನಿಗೂ ಅಜಗಜಾಂತರ. ಗಿರಾಕಿಗಳ ಹತ್ತಿರ ನಾಲ್ಕು ಮಾತು ಬರೆಯಲು ಕೇಳು ಅಂತ ಕಾಕಾನಿಗೆ ಹೇಳಿದರೆ, "ನಮ್ಮ ಕೆಲಸ ಛಲೋ ಐತಿ ಅಂತ ನಾವs ಬರಸೂದs? ಭಿಕ್ಷಾ ಬೇಡಿದಂಗ ಆಗತೈತೋ" ಅಂದ. ಇದು ಅವನೊಬ್ಬನ ಮಾತಲ್ಲ, ನಮ್ಮ ಕಡೆಯ ಹಳೆಯ ಕಸುಬುದಾರರೆಲ್ಲರ ಮಾತು. ಅವರ ಮರ್ಯಾದೆಯ ಲೆಕ್ಕವನ್ನು ನಾನು ತಳ್ಳಿಹಾಕಲಾರೆ. ಬೆಂಗಳೂರಿನಲ್ಲಿರುವ ಸೋದರಳಿಯ ಗೆಳೆಯರ ಕೈಲಿ ಇಪ್ಪತ್ತು ಐದು-ನಕ್ಷತ್ರ ಹಾಕಿಸಿಕೊಡುತ್ತೇನೆ ಅಂದ. ಅಂಗಡಿ ಕಾಣದವರ ಹೊಗಳಿಕೆ ನಿಯಮಕ್ಕೆ ವಿರುದ್ಧ, ನಕ್ಷತ್ರಕ್ಕೆ ಬದಲಾಗಿ ರಿಯಾಯಿತಿ ಕೊಡುವುದೂ ವಿರುದ್ಧ. ಅದೆಲ್ಲ ಹೋಗಲಿ, 'ಸೂಪರ್ ಸರ್ವಿಸ್ ಬ್ರೋ' ಅಂತ ಇಪ್ಪತ್ತು ಮಂದಿ ಬರೆದ ಮೋಟರ್ ಅಂಗಡಿಯನ್ನು ಯಾವ ರೈತ ನಂಬುತ್ತಾನೆ? ಕೊನೆಗೆ ರಾಜಿಯಾದದ್ದು ಹೀಗೆ: ಬಿಲ್ಲಿನ ಕೆಳಗೆ ಒಂದು ಕ್ಯೂಆರ್, ಅದರ ಪಕ್ಕ 'ಮೋಟರ್ ಹೊಲದಾಗ ಸರಿಯಾಗಿ ನಡದ ಮ್ಯಾಲೆ ನಿಮ್ಮ ಅನುಭವ ಬರೀರಿ'. ಕಾಕಾ ಬಾಯಿಬಿಟ್ಟು ಕೇಳಬೇಕಿಲ್ಲ.

ಮೊದಲು ಬಂದದ್ದೇ ಒಂದು ನಕ್ಷತ್ರ. 'ಒಂದು ದಿನ ಅಂದು ಮೂರು ದಿನ ಮಾಡಿದರು' ಅಂತ. ಕಾಕಾ ಸಿಡಿದೆದ್ದು ನನಗೆ ಉತ್ತರ ಹೇಳಿ ಬರೆಸಿದ, ಅದರಲ್ಲಿ ಆ ಗಿರಾಕಿಯ ಅಪ್ಪನ ಹೆಸರೂ ಇತ್ತು. ರಾತ್ರಿಯವರೆಗೆ ಇರಲಿ ಅಂದೆ. ರಾತ್ರಿ ಅವನೇ ಪುಸ್ತಕ ತೆಗೆದು ನೋಡಿದ: ಆ ಎರಡು ದಿನ ಕರೆಂಟ್ ಇರಲಿಲ್ಲ, ವಾರ್ನಿಶ್ ಹಾಕಿದ್ದನ್ನು ಒಣಗಿಸಲು ಆಗಿರಲಿಲ್ಲ. ಗಿರಾಕಿಗೆ ಫೋನ್ ಮಾಡಿ ಹೇಳಿರಲೂ ಇಲ್ಲ. ಅಷ್ಟನ್ನೇ ಬರೆದೆವು, ಹೇಳದೆ ಇದ್ದದ್ದು ನಮ್ಮ ತಪ್ಪು ಅಂತಲೂ. ಆ ಉತ್ತರ ಓದುವುದು ಆ ಒಬ್ಬ ಗಿರಾಕಿ ಅಲ್ಲ. ನಾಳೆ ಮೋಟರ್ ತರಬೇಕು ಅಂತಿರುವ ಇನ್ಯಾರೋ ಓದುತ್ತಾರೆ. ಅಕ್ಕನಿಗೂ ಪುಣೆಯಿಂದ ಒಬ್ಬರು 'ರೊಟ್ಟಿ ತರಿಸಿದೆ, ಪುಡಿ ಬಂತು' ಅಂತ ಬರೆದಿದ್ದರು. ಅವಳು ಬೇರೆ ಕಳಿಸಿ, ಮೇಲೆ ಕೆಳಗೆ ದುಂಡನೆ ರಟ್ಟು ಇಟ್ಟು ಕಟ್ಟಲು ಶುರು ಮಾಡಿದ್ದೇವೆ ಅಂತ ಅಲ್ಲೇ ಉತ್ತರ ಕೊಟ್ಟಳು. ಈಗ ಹೊಸ ಗಿರಾಕಿಗಳು "ರಟ್ಟು ಇಟ್ಟು ಕಳಿಸ್ರಿ" ಅಂತಲೇ ಕೇಳುತ್ತಾರಂತೆ.

ಮಾತಿನಲ್ಲಿ ಹೊಗಳಿಕೆ ತುಂಬುವ ಚಟ ನಮ್ಮೆಲ್ಲರಿಗೂ ಇದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಅದನ್ನು ಆನ್‌ಲೈನ್‌ನಲ್ಲಿ ಮಾರುವವರು ಬರೆಯುವುದು ಮಾತ್ರ 'ನಂ. 1 ಕ್ವಾಲಿಟಿ, ಅತ್ಯುತ್ತಮ ರುಚಿ'. ಬ್ಯಾಡಗಿ ಅಂದರೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರಲ್ಲೂ ದಪ್ಪನೆಯ ಡಬ್ಬಿಯೋ ತೆಳ್ಳನೆಯ ಕಡ್ಡಿಯೋ, ತೊಟ್ಟು ತೆಗೆದದ್ದೋ ಇಲ್ಲವೋ, ಈ ವರ್ಷದ ಮಾಲೋ ಕೋಲ್ಡ್ ಸ್ಟೋರೇಜಿನದೋ. ಇಷ್ಟು ಬರೆದರೆ ಬಲ್ಲ ಗಿರಾಕಿ ಅರ್ಧ ದಾರಿ ಬಂದಾಯಿತು. ಹಾವೇರಿಯ ಏಲಕ್ಕಿ ಹಾರ ಮಾಡುವವರಿಗೆ ನಾನು ಹೇಳುವುದೂ ಇದನ್ನೇ: ಹಾರ ಎಷ್ಟು ಎಳೆಯದು, ಎಷ್ಟು ರೇಟು, ಸನ್ಮಾನಕ್ಕೆ ಎಷ್ಟು ದಿನ ಮುಂಚೆ ಹೇಳಬೇಕು. ಚೆಂದ ಇದೆಯೋ ಇಲ್ಲವೋ ಅನ್ನುವುದನ್ನು ಫೋಟೊ ಹೇಳುತ್ತದೆ.

'ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ' ಅಂತ ಫೋನ್ ಮಾಡುವವರ ಬಗ್ಗೆ ಎರಡೇ ಮಾತು. ಅಂಥ ಭರವಸೆ ಯಾರೂ ಕೊಡಲಾರರು ಅಂತ ಗೂಗಲ್ಲೇ ಬರೆದಿದೆ. ಪ್ರೊಫೈಲ್ ಉಳಿಸಿಕೊಳ್ಳಲು ದುಡ್ಡು ಕಟ್ಟಿ ಅನ್ನುವವರ ಫೋನು ಇಡಿ. ಜಾಹೀರಾತಿಗೆ ಐನೂರು ರೂಪಾಯಿ ಹಾಕುವುದಾದರೆ ಎಷ್ಟು ದೂರದ ಜನಕ್ಕೆ ಕಾಣಬೇಕು ಅನ್ನುವುದನ್ನು ಮೊದಲು ಬಿಗಿ ಮಾಡಿ. ನನ್ನ ಮೊದಲ ಐನೂರು ರೂಪಾಯಿಗೆ ಉತ್ತರ ಭಾರತದ ಎಷ್ಟೋ ಅಪರಿಚಿತರು ಹುಬ್ಬಳ್ಳಿಯ ಬೇಕರಿಯೊಂದರ ಖಾರಾ ಬ್ರೆಡ್ಡಿಗೆ ಲೈಕ್ ಒತ್ತಿದರು.

ವೆಬ್‌ಸೈಟಿನ ವಿಳಾಸ, ಅಂದರೆ ಡೊಮೇನ್ ಹೆಸರು, ನಿಮ್ಮದೇ ಇಮೇಲಿನಲ್ಲಿ, ನಿಮ್ಮದೇ ಹೆಸರಿನಲ್ಲಿ ಇರಲಿ. ನನಗೆ ಪರಿಚಯದ ಒಬ್ಬರ ಡೊಮೇನನ್ನು ವೆಬ್‌ಸೈಟ್ ಮಾಡಿದವರು ತಮ್ಮ ಖಾತೆಯಲ್ಲಿ ಕೊಂಡಿದ್ದರು. ಜಗಳವಾಯಿತು, ನವೀಕರಣ ಆಗಲಿಲ್ಲ, ಹತ್ತು ವರ್ಷದ ಕ್ಯಾರಿಬ್ಯಾಗುಗಳ ಮೇಲೆ ಅಚ್ಚಾಗಿದ್ದ ವಿಳಾಸ ಬೇರೆಯವರ ಪಾಲಾಯಿತು. ಕಾಕಾ ಪಾಸ್‌ವರ್ಡನ್ನು ಉದ್ರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಾನೆ. ಸುರಕ್ಷತೆಯ ಪಂಡಿತರು ಒಪ್ಪಲಿಕ್ಕಿಲ್ಲ. ಆದರೆ ಆ ಪುಸ್ತಕವನ್ನು ಅವನು ಜೀವಕ್ಕಿಂತ ಹೆಚ್ಚಾಗಿ ಕಾಯುತ್ತಾನೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು: ಇದರಿಂದ ಏನಾದರೂ ಆಯಿತೇ? ಎಷ್ಟು ಜನ ಕರೆ ಮಾಡಿದರು, ಎಷ್ಟು ಜನ ದಾರಿ ಕೇಳಿದರು ಅಂತ ಪ್ರೊಫೈಲ್ ಲೆಕ್ಕ ಕೊಡುತ್ತದೆ. ಕಾಕಾನಿಗೆ ಅದರ ಮೇಲೆ ವಿಶ್ವಾಸ ಇಲ್ಲ. ಹೊಸ ಮುಖ ಕಂಡರೆ "ಹೆಂಗ ಗೊತ್ತಾತ್ರಿ ನಮ್ಮ ಅಂಗಡಿ?" ಅಂತ ಕೇಳಿ ಪುಸ್ತಕದಲ್ಲಿ ಗೀಟು ಹಾಕಲು ಹೇಳಿದೆ. ಎರಡು ತಿಂಗಳ ಗೀಟು ನೋಡಿ ನನ್ನ ಮುಖ ಇಳಿಯಿತು. ಬಹುಪಾಲು ಜನ ಬಂದದ್ದು ಯಾರೋ ಹೇಳಿದ್ದು ಕೇಳಿ. ಊರಿನ ಲೈನ್‌ಮನ್, ಬೋರ್ ಹೊಡೆಯುವವರು, ಹೆಂಡತಿಯ ತಮ್ಮ. ಆದರೆ ಕಾಕಾ ಅವರ ಜೊತೆ ಮಾತು ಮುಂದುವರಿಸಿದಾಗ ಇನ್ನೊಂದು ಎಳೆ ಸಿಕ್ಕಿತು. ಹೇಳಿದ್ದು ಹೆಂಡತಿಯ ತಮ್ಮನೇ ಹೌದು. ಹೊರಡುವ ಮೊದಲು ಫೋನಿನಲ್ಲಿ ಹೆಸರು ಹಾಕಿ, ತೆಗೆದಿದೆಯೇ, ಎಷ್ಟು ದೂರ, ಬಾಗಿಲು ಹೇಗಿದೆ ಅಂತ ನೋಡಿದ್ದು ಬಹಳ ಮಂದಿ. ಬಾಯಿಮಾತು ಅವರನ್ನು ಎಬ್ಬಿಸಿತ್ತು. ನಡುವೆ ಅವರು ಬೇರೆ ಅಂಗಡಿಗೆ ತಿರುಗದ ಹಾಗೆ ನೋಡಿಕೊಂಡದ್ದು ಆ ಚುಕ್ಕಿ. ಗೀಟಿನ ಲೆಕ್ಕದಲ್ಲಿ ಅದಕ್ಕೆ ಮನೆಯೇ ಇರಲಿಲ್ಲ.

ಕಾಣಿಸಿಕೊಳ್ಳುವುದಕ್ಕೇ ಹೆದರುವ ಅಂಗಡಿಕಾರರೂ ಇದ್ದಾರೆ, ಅವರನ್ನು ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. 2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ರಾಜ್ಯದ ಹಲವೆಡೆ ಕ್ಯೂಆರ್ ಚೀಟಿ ತೆಗೆದಿಟ್ಟು 'ನಗದು ಮಾತ್ರ' ಅಂತ ಬೋರ್ಡ್ ಹಾಕಿದರು. ಕಾಕಾನೂ ಆಗ "ಆ ಗೂಗಲ್‌ದಾಗಿಂದ ನನ್ನ ಹೆಸರ ತಗಿಯೋ" ಅಂತ ಫೋನ್ ಮಾಡಿದ್ದ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅದಕ್ಕೂ ನಕ್ಷೆಯ ಚುಕ್ಕಿಗೂ ಸಂಬಂಧ ಇಲ್ಲ ಅಂತ ಹೇಳಿದೆ, ನಮ್ಮ ಪೈಕಿಯ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಕೂರಿಸಿದೆ. ಒಂದು ವಾರ ಕ್ಯೂಆರ್ ಚೀಟಿ ಡ್ರಾವರ್‌ನಲ್ಲೇ ಇತ್ತು. ಚಿಲ್ಲರೆಗೆ ಪರದಾಡಿ ತಾನೇ ಹೊರಗೆ ತೆಗೆದ.

ಹೋದ ತಿಂಗಳು ಅಮವಾಸ್ಯೆಯ ಹಿಂದಿನ ದಿನ ನನ್ನನ್ನು ಕೇಳದೆ ಕಾಕಾ ನಕ್ಷೆಯಲ್ಲಿ ರಜೆಯನ್ನು ತಾನೇ ಹಾಕಿದ. ಸರಿಯಾಗಿಯೇ ಹಾಕಿದ್ದ. ಅದೇ ಹುಮ್ಮಸ್ಸಿನಲ್ಲಿ ಹೊಸದಾಗಿ ತಂತಿ ಸುತ್ತಿದ ಒಂದು ಸ್ಟೇಟರಿನ, ಅಂದರೆ ಮೋಟರಿನ ತಿರುಗದ ಭಾಗದ, ಫೋಟೊ ಏರಿಸಲು ಹೋಗಿ, ಗ್ಯಾಲರಿಯಲ್ಲಿ ಅದರ ಪಕ್ಕದಲ್ಲಿದ್ದ ಬುತ್ತಿಯ ಫೋಟೊ ಏರಿಸಿಬಿಟ್ಟಿದ್ದಾನೆ: ರೊಟ್ಟಿ, ಝುಣಕ, ಒಂದು ಹಸಿ ಉಳ್ಳಾಗಡ್ಡಿ, ಚಟ್ನಿಯ ಮೇಲೆ ಎಣ್ಣೆ. ಕಾಕೂಗೆ ತೋರಿಸಲು ತೆಗೆದದ್ದಂತೆ. ಅಳಿಸುತ್ತೇನೆ ಅಂತ ನಾನು ಫೋನ್ ಮಾಡುವಷ್ಟರಲ್ಲಿ ಅವನಿಗೆ ಅಣ್ಣಿಗೇರಿಯಿಂದ ಒಂದು ಕರೆ ಬಂದಾಗಿತ್ತು.

"ಅಂಗಡಿ ತೆಗದೈತೇನ್ರಿ?"

"ತೆಗದೈತಿ, ಬರ್ರಿ."

"ಅಲ್ಲೆ ಊಟಾನೂ ಸಿಗತೈತೇನ್ರಿ?"

"ಮೋಟರ್ ತಗೊಂಡ ಬರ್ರಿ, ಊಟಾ ಮಾಡಿಸಿ ಕಳಿಸ್ತೇನಿ" ಅಂದನಂತೆ. ಫೋಟೊ ಇನ್ನೂ ಅಲ್ಲೇ ಇದೆ. ತೆಗೆಯಲು ಬಿಡುತ್ತಿಲ್ಲ.